ಸಿಗಡಿ ಕೊಳದಲ್ಲಿ ಮೂಗ ಸೇನಾಪತಿ

ಜುಲೈ 1

ಧಿಕ್ಕಾರ! ಈ ಗಂಟಲಿಗೆ ಧಿಕ್ಕಾರ, ಅದರೊಳಗೆ ಕ್ಯಾಮೆರಾ ತೂರಿಸಿದ ಡಾಕ್ಟರಮ್ಮನಿಗೆ ಧಿಕ್ಕಾರ, ಪಕ್ಕದಲ್ಲಿ ಕೂತು ಅವಳ ಪ್ರತಿ ಮಾತಿಗೂ ತಲೆಯಾಡಿಸಿದ ನನ್ನ ಹೆಂಡತಿಗಂತೂ ಎರಡು ಸಲ ಧಿಕ್ಕಾರ!

ಆರು ವಾರ ಬಾಯಿ ತೆರೆಯಬಾರದಂತೆ. ಪಿಸುಮಾತೂ ಕೂಡದಂತೆ. ಕೆಮ್ಮು ಬಂದರೆ ನುಂಗಬೇಕಂತೆ. ಯಾರಿಗೆ ಹೇಳುತ್ತಿದ್ದೀಯಮ್ಮ ಈ ಮಾತು? ಲಿಮ್ ಥಿಯೆನ್-ಹೋಕ್‌ಗೆ! ಕೀಲುಂಗ್ ಬಂದರಿನ ಮೀನು ಸಂತೆಯಲ್ಲಿ ಮೂವತ್ತು ವರ್ಷ ರಾತ್ರಿಯಿಡೀ ಹರಾಜು ಕೂಗಿದವನಿಗೆ! ನಾನು ಬಂಗುಡೆ ಬುಟ್ಟಿಯ ಮುಂದೆ ನಿಂತು ಬೆಲೆ ಕೂಗಿದೆನೆಂದರೆ ಲಂಗರು ಹಾಕಿದ ಹಡಗಿನೊಳಗೆ ಮಲಗಿದ್ದವರು ಎದ್ದು ಕೂರುತ್ತಿದ್ದರು. ಅಂಥ ಗಂಟಲಿಗೆ ಬೀಗ!

"ಹೋದ ಸಲ ಎರಡು ವಾರ ಸುಮ್ನಿರಿ ಅಂದಿದ್ದೆ," ಎಂದಳು ಆ ಡಾಕ್ಟರ್ ಹುಡುಗಿ. "ಮೂರನೇ ದಿನಕ್ಕೇ ಸಂತೇಲಿ ನಿಂತಿದ್ರಂತೆ. ಗಂಟಲೊಳಗಿನ ಗಂಟು ಒಡೆದು ರಕ್ತ ಬಂತು, ಕತ್ತರಿ ಹಾಕ್ಬೇಕಾಯ್ತು. ಈ ಸಲಾನೂ ಹಂಗೇ ಮಾಡಿದ್ರೆ ದನಿ ಪೂರ್ತಿ ಹೋಗುತ್ತೆ ತಾತ."

ತಾತ!

"ಹೆಂಗೂ ಬಿಡುವು ಸಿಕ್ಕಿದೆ. ಏನಾದ್ರೂ ಹವ್ಯಾಸ ಇಟ್ಕೊಳಿ. ಮನಸ್ಸಿಗೂ ಒಳ್ಳೇದು."

ಬಿಡುವಂತೆ. ಹವ್ಯಾಸವಂತೆ. ಕೈಕಾಲು ಕಟ್ಟಿ ಸೆರೆಮನೆಗೆ ತಳ್ಳಿ, ಒಳಗೆ ಗಾಳಿ ಚೆನ್ನಾಗಿದೆ ಎಂದ ಹಾಗೆ!

ಸಂತೆಯ ಖೋ ಯಜಮಾನ ಫೋನ್ ಮಾಡಿದ್ದ. ನಾನು ಮಾತಾಡುವಂತಿಲ್ಲವಲ್ಲ, ಹೆಂಡತಿ ಲಾನ್-ಇಂಗ್ ಫೋನನ್ನು ನನ್ನ ಕಿವಿಗೆ ಹಿಡಿದಳು. "ಹೋಕ್ ಅಣ್ಣ, ಆಗಸ್ಟ್ ಅರ್ಧಕ್ಕೆ ಬಾ. ದನಿ ಇದ್ರೆ ಜಾಗ ನಿಂದು, ಇಲ್ದಿದ್ರೆ ನನ್ನ ಬೈಬೇಡ. ಅಲ್ಲೀತನಕ ತಿಯೋಂಗ್-ಗೀ ಕೂಗ್ತಾನೆ." ತಿಯೋಂಗ್-ಗೀ! ನನ್ನ ಹಿಂದೆ ನಿಂತು ಬುಟ್ಟಿ ಎಣಿಸುತ್ತಿದ್ದವನು, ನಲವತ್ತು ದಾಟಿದರೂ ಮೂಗಿನಲ್ಲಿ ಮಾತಾಡುವವನು!

ಇರಲಿ. ದನಿ ವಾಪಸು ಬಂದ ದಿನ ನಾನು ಆಡುವ ಮೊದಲ ಮಾತು ಹೇಗಿರಬೇಕೆಂದು ಈಗಲೇ ತೀರ್ಮಾನಿಸಿದ್ದೇನೆ. ಬಯಲಾಟದ ನಟಿಯಾಗಿದ್ದ ನನ್ನಮ್ಮ ಗಡ್ಡ ಅಂಟಿಸಿಕೊಂಡು, ಬೆನ್ನಿಗೆ ನಾಲ್ಕು ಬಾವುಟ ಸಿಕ್ಕಿಸಿಕೊಂಡು, ಗುಡಿಯ ಮುಂದಿನ ರಂಗದ ಮೇಲೆ ಸೇನಾಪತಿಯಾಗಿ ಬರುತ್ತಿದ್ದಳಲ್ಲ, ಹಾಗೆ ಸಂತೆಯ ನಡುವೆ ಹೋಗಿ ನಿಲ್ಲುತ್ತೇನೆ. "ಬಂದೆನೋ ಬಂದರೇ! ನಿನ್ನ ಒಡೆಯ ಬಂದೆನೋ!" ಎಂದು ಇಡೀ ಬಂದರಿಗೆ ಕೇಳುವಂತೆ ಒಂದೇ ಉಸಿರಿಗೆ ಗುಡುಗುತ್ತೇನೆ. ಆರು ವಾರ ಕೂಡಿಟ್ಟ ಗುಡುಗು! ತಿಯೋಂಗ್-ಗೀ ಬುಟ್ಟಿಯೊಳಗೆ ಬೀಳಬೇಕು.

ಜುಲೈ 4

ಲಾನ್-ಇಂಗ್ ಮಕ್ಕಳ ಸ್ಲೇಟು ತಂದುಕೊಟ್ಟಿದ್ದಾಳೆ. ಮೂಲೆಯಲ್ಲಿ ಬಾತುಕೋಳಿಯ ಚಿತ್ರ. ಹೇಳುವುದನ್ನೆಲ್ಲ ಅದರ ಮೇಲೆ ಬರೆಯಬೇಕು, ಅವಳು ಗಟ್ಟಿಯಾಗಿ ಓದಬೇಕು.

ಓದುವುದಾ ಅದು! "ಎಲೈ ಪಾಪಿ ವಿಧಿಯೇ, ಇನ್ನೂ ಎಷ್ಟು ದಿನ ಈ ಶಿಕ್ಷೆ?" ಎಂದು ನಾನು ಬರೆದರೆ, ಅಂಗಡಿಯ ಸಾಮಾನಿನ ಚೀಟಿ ಓದಿದ ಹಾಗೆ ಓದಿ, "ಊಟಕ್ಕೆ ಸೋಯಾ ಮೊಟ್ಟೆ ಹಾಕ್ಲಾ?" ಎಂದು ಕೇಳುತ್ತಾಳೆ. ನಾನು ಸಿಡಿಲು ಬರೆದರೆ ಅವಳ ಬಾಯಲ್ಲಿ ಅದು ಉಪ್ಪಾಗಿ ಬೀಳುತ್ತದೆ.

ರಾತ್ರಿಯೆಲ್ಲ ಸಂತೆ, ಹಗಲೆಲ್ಲ ನಿದ್ದೆ. ಹಾಗೇ ಬದುಕಿದವನು ನಾನು. ಈಗ ಮಧ್ಯಾಹ್ನ ಕಣ್ಣು ಬಿಟ್ಟು ಕೂತಿದ್ದೇನೆ. ಮಧ್ಯಾಹ್ನ ಎನ್ನುವುದು ಇಷ್ಟು ಉದ್ದ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಕೆಳಗೆ ಲಾನ್-ಇಂಗಳ ತಿಂಡಿ ಅಂಗಡಿ ಹನ್ನೊಂದಕ್ಕೆ ಬಾಗಿಲು ಹಾಕುತ್ತದೆ. ಒಂದಕ್ಕೆ ಸ್ಕೂಟರಿನ ಸದ್ದು, ಅವಳು ಎಲ್ಲಿಗೋ ಹೋಗುತ್ತಾಳೆ. ನಾನೂ ಟಿವಿಯೂ ಉಳಿಯುತ್ತೇವೆ. ಟಿವಿಯಲ್ಲಿ ಯಾವನೋ ನೂಡಲ್ಸ್ ತಿಂದು ಕಣ್ಣು ಮುಚ್ಚಿ ಆಹಾ ಅನ್ನುತ್ತಾನೆ. ಅವನಿಗೆ ದನಿ ಇದೆ. ನನಗಿಲ್ಲ.

ಜುಲೈ 8

ಇವತ್ತು ಅವಳ ಹಿಂದೆ ಹೋದೆ.

ದಿನವೂ ಒಂದಕ್ಕೆ ಹೋಗಿ ಐದಕ್ಕೆ ಬರುವ ಹೆಂಡತಿ ಎಲ್ಲಿಗೆ ಹೋಗುತ್ತಾಳೆಂದು ಗಂಡ ತಿಳಿದುಕೊಳ್ಳಬಾರದೇ? ಅವಳ ಸ್ಕೂಟರ್ ಬಸ್ ಡಿಪೋ ಕಡೆ ತಿರುಗಿದ್ದನ್ನು ನೋಡಿ ನಾನೊಂದು ಟ್ಯಾಕ್ಸಿ ಹತ್ತಿದೆ. ಚಾಲಕ ಎಲ್ಲಿಗೆ ಎಂದಾಗ "ಆ ಹೆಂಗಸಿನ ಹಿಂದೆ" ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅವನು ಸ್ಲೇಟನ್ನೂ ಬಾತುಕೋಳಿಯನ್ನೂ ನನ್ನನ್ನೂ ನೋಡಿ, "ಯಾಕಣ್ಣ, ಮನೇಲಿ ತೊಂದ್ರೆನಾ?" ಎಂದ. ದಾರಿಯುದ್ದಕ್ಕೂ ತನ್ನ ಮೊದಲ ಹೆಂಡತಿಯ ಕಥೆ ಹೇಳಿದ. ಬಾಯಿ ಮುಚ್ಚು ಎನ್ನಲು ನನಗೆ ಬಾಯಿಲ್ಲ!

ಡಿಪೋದ ಹಿಂದೆ ತಗಡಿನ ಶೆಡ್ಡು. ಒಳಗೆ ಸಿಮೆಂಟಿನ ಕೊಳ, ಟೀ ಬಣ್ಣದ ನೀರು. ಸುತ್ತ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಸಣ್ಣ ಗಾಳ ಹಿಡಿದು ಸಿಗಡಿ ಹಿಡಿಯುವ ಜನ. ಕಾಸು ಕೊಟ್ಟು, ಗಂಟೆಯ ಲೆಕ್ಕದಲ್ಲಿ, ಯಾರೋ ಸಾಕಿ ತಂದು ಸುರಿದ ಸಿಗಡಿಯನ್ನು ಹಿಡಿಯುವ ಸೋಮಾರಿಗಳು! ಇಂಥ ಶೆಡ್ಡಿನ ಮುಂದೆ ಹಾದುಹೋದಾಗಲೆಲ್ಲ ಕ್ಯಾಕರಿಸಿ ಉಗುಳಿದವನು ನಾನು. ಸಮುದ್ರವನ್ನು ಬಾತ್‌ರೂಮಿಗೆ ತಂದಿಟ್ಟ ಅವಮಾನ!

ಆ ಸೋಮಾರಿಗಳ ನಡುವೆ, ಕಾಲ ಮೇಲೆ ಕಾಲು ಹಾಕಿಕೊಂಡು, ಟವೆಲನ್ನು ಹೆಗಲಿಗೆ ಎಸೆದುಕೊಂಡು ಕೂತಿದ್ದಾಳೆ ಲಾನ್-ಇಂಗ್! ನಗುತ್ತಿದ್ದಾಳೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಆ ನಗು ನನಗೆ ಗೊತ್ತಿಲ್ಲದ್ದು. ಅವಳ ಕುರ್ಚಿಯ ಬೆನ್ನಿನ ಮೇಲೆ ದಪ್ಪ ಮಾರ್ಕರಿನಲ್ಲಿ ಅವಳ ಹೆಸರು. ಹೆಸರು! ಹಳೆಯ ಅಕ್ಷರ, ಅರ್ಧ ಅಳಿಸಿ ಮತ್ತೆ ತಿದ್ದಿದ್ದು. ಅಂದರೆ ಎಷ್ಟು ವರ್ಷ?

ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಕೊಳದ ಒಡತಿ, ಚಾಯ್-ಹಾ ಎಂದು ಎಲ್ಲರೂ ಕರೆಯುತ್ತಿದ್ದ ದಪ್ಪ ಹೆಂಗಸು, ಉಪ್ಪಿನ ಡಬ್ಬಿ ಅಲ್ಲಾಡಿಸುತ್ತ ಕೂಗಿದಳು: "ಯಾರ್ ಬೇಕಾಗಿತ್ತು ಅಣ್ಣ? ಹಲೋ! ಬಾಯಲ್ಲಿ ಮೊಟ್ಟೆ ಇಟ್ಕೊಂಡಿದೀಯಾ?"

ಓಡಿ ಬಂದೆ. ನಾನು ಓಡಿ ಬಂದೆ!

ಜುಲೈ 9

ಈಗ ಹೊಳೆಯಿತು, ಹೊಳೆದು ಮೈ ಉರಿಯಿತು. ವಾರಕ್ಕೆ ಎರಡು ದಿನ ನಮ್ಮ ಮನೆಯ ಊಟದಲ್ಲಿ ಉಪ್ಪು ಹಚ್ಚಿ ಸುಟ್ಟ ಸಿಗಡಿ ಇರುತ್ತದೆ. ಏಡಿಗಿರುವಂಥ ನೀಲಿ ಕೊಂಡಿಯ, ಸಿಹಿನೀರಿನ ಸಿಗಡಿ. ನಮ್ಮ ಸಂತೆಗೆ ಆ ಜಾತಿ ಬರುವುದೇ ಇಲ್ಲ, ಬರಲು ಸಾಧ್ಯವೇ ಇಲ್ಲ! ಬಂಗುಡೆಯ ಕಿವಿರು ನೋಡಿ ಯಾವ ದೋಣಿ ಹಿಡಿದದ್ದೆಂದು ಹೇಳಬಲ್ಲ ನಾನು, ನನ್ನ ತಟ್ಟೆಯಲ್ಲಿ ಬಿದ್ದಿದ್ದ ಸಿಗಡಿ ಎಲ್ಲಿಂದ ಬಂತೆಂದು ಕೇಳಲಿಲ್ಲ. ತಲೆ ಕಿತ್ತು, ಚೀಪಿ, ಮಲಗಿಬಿಟ್ಟೆ.

ಸ್ಲೇಟಿನ ತುಂಬ ಬರೆದೆ: "ಮೋಸಗಾತಿ! ನಾನು ಗಂಟಲು ಹರಿದುಕೊಂಡು ದುಡಿಯುವಾಗ ನೀನು ಮೋಜು ಮಾಡಿದೆ! ಯಾಕೆ ಮುಚ್ಚಿಟ್ಟೆ?"

ಅವಳು ಓದಿದಳು. ಮೊಟ್ಟೆರೊಟ್ಟಿಯ ಹಿಟ್ಟು ಕಲಸುತ್ತಲೇ ಓದಿದಳು.

"ಮುಚ್ಚಿಟ್ಟಿಲ್ವಲ್ಲ. ಏಳೆಂಟು ಸಲ ಹೇಳಿದೀನಿ. ಬಾ ನೀನೂ ಅಂತಾನೂ ಕರ್ದಿದೀನಿ. ನೀನು ಗೊರಕೆ ಹೊಡ್ದು ಒಪ್ಪಿಗೆ ಕೊಟ್ಟೆ."

"ಎಷ್ಟು ವರ್ಷದಿಂದ?" ಎಂದು ಸ್ಲೇಟಿನ ಅಂಚಿನಲ್ಲಿ ಬರೆದೆ.

"ಮಗಳು ಮದುವೆಯಾಗಿ ಹೋದ್ಳಲ್ಲ, ಅವತ್ತಿಂದ. ನಾನು ಬೆಳಗಿನ ಜಾವ ಎದ್ದು ಒಲೆ ಹಚ್ತೀನಿ, ನೀನು ಆಗ ಬಂದು ಮಲಗ್ತೀಯ. ನಾನು ಮಲಗೋ ಹೊತ್ತಿಗೆ ಎದ್ದು ಹೋಗ್ತೀಯ. ಮಧ್ಯದಲ್ಲಿ ನಾಲ್ಕು ಗಂಟೆ ನಂದು. ಗೋಡೆ ನೋಡ್ಕೊಂಡು ಕೂತ್ರೆ ತಲೆ ಕೆಡ್ತಿತ್ತು ಹೋಕ್. ಕೆಡಿಸ್ಕೊಳ್ಲಿಲ್ಲ, ಅಷ್ಟೇ."

ಉತ್ತರ ಬರೆಯಲು ಸ್ಲೇಟಿನಲ್ಲಿ ಜಾಗವಿರಲಿಲ್ಲ. ಅಳಿಸಿದೆ. ಎದ್ದು ಹೋಗಿ ಬಾಗಿಲು ಧಡಾರನೆ ಹಾಕಿದೆ. ಬಾಗಿಲಿಗೆ ದನಿ ಇದೆ.

ಜುಲೈ 12

ಹೋದೆ. ಅವಳ ಜೊತೆ ಹೋದೆ. ಮೋಜಿಗಲ್ಲ, ಮೇಲ್ವಿಚಾರಣೆಗೆ! ಮೀನಿನ ವಿಷಯದಲ್ಲಿ ಈ ಸೋಮಾರಿಗಳಿಗೆ ಪಾಠ ಕಲಿಸುವುದಕ್ಕೆ!

"ಓಹೋ, ಮೂಗ ಸೇನಾಪತಿ ಬಂದ್ರು!" ಎಂದಳು ಚಾಯ್-ಹಾ. "ಲಾನ್-ಇಂಗ್ ಅಕ್ಕ, ಇವರೇನಾ ಹಡಗು ಎಬ್ಬಿಸೋ ಯಜಮಾನ್ರು? ಸಿಗಡಿ ಹೆದರ್ಕೊಂಡಿದ್ವು, ಈಗ ಧೈರ್ಯ ಬಂದಿರುತ್ತೆ ಬಿಡು."

ಕೋಳಿಯ ಲಿವರಿನ, ಅಂದರೆ ಈಲಿಯ, ಚೂರನ್ನು ಕೊಕ್ಕೆಗೆ ಸಿಕ್ಕಿಸಿ, ದಾರದ ಬೆಂಡನ್ನು ನೀರಿನ ಮೇಲೆ ತೇಲಿಬಿಟ್ಟೆ. ಬೆಂಡು ಅಲ್ಲಾಡಿತು. ಎಳೆದೆ! ಖಾಲಿ. ಮತ್ತೆ ಅಲ್ಲಾಡಿತು. ಎಳೆದೆ! ಖಾಲಿ. ಪಕ್ಕದಲ್ಲಿ, ಹಿಂದೆ ಬಂದರಿನಲ್ಲಿ ಹಡಗು ಎಳೆಯುವ ದೋಣಿ ನಡೆಸುತ್ತಿದ್ದ ಮುದುಕ ಪೋ ಅಜ್ಜ ಗಾಳ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದ. ಅವನ ಬಲೆಚೀಲದಲ್ಲಿ ಏಳು. ಲಾನ್-ಇಂಗಳ ಚೀಲದಲ್ಲಿ ಹನ್ನೊಂದು. ನನ್ನದರಲ್ಲಿ ನೀರು!

"ಅಷ್ಟ್ ಬೇಗ ಎಳೀಬೇಡ," ಎಂದಳು ಹೆಂಡತಿ. "ಅದು ಮೀನಲ್ಲ, ಗಬಕ್ಕಂತ ನುಂಗಲ್ಲ. ಕೈಯಲ್ಲಿ ತಗೊಂಡು ತನ್ ಮೂಲೆಗೆ ನಡ್ಕೊಂಡು ಹೋಗುತ್ತೆ. ಅಲ್ಲಿ ಕೂತ್ಕೊಂಡು ತಿನ್ನುತ್ತೆ. ಬೆಂಡು ಪಕ್ಕಕ್ಕೆ ಹೋಗಿ ನಿಲ್ಲೋತನಕ ಬಿಡು."

ನನಗೆ ಹೇಳುತ್ತಾಳೆ! ಮೂವತ್ತು ವರ್ಷ ನನ್ನ ಕೆಲಸವೇನು? ಕೊಳ್ಳುವವನ ಹುಬ್ಬು ಅಲ್ಲಾಡಿದ ಕ್ಷಣಕ್ಕೆ ಬುಟ್ಟಿ ಅವನ ಕೊರಳಿಗೆ ಕಟ್ಟುವುದು! ಒಂದು ಉಸಿರು ತಡಮಾಡಿದರೆ ಬೆಲೆ ಬಿತ್ತು. ಅಲ್ಲಾಡಿದ್ದನ್ನು ನೋಡಿಯೂ ಸುಮ್ಮನಿರಬೇಕಂತೆ. ಮೂರ್ಖ ಪ್ರಾಣಿ! ಎತ್ತಿಕೊಂಡ ಮೇಲೆ ತಿನ್ನಲು ಏನು ಧಾಡಿ!

ಜುಲೈ 13

ಒಂದೂ ಇಲ್ಲ.

ಜುಲೈ 14

ಒಂದೂ ಇಲ್ಲ. ಚಾಯ್-ಹಾ ನನ್ನ ಮುಂದೆ ಒಂದು ಸಾಸೇಜ್ ಇಟ್ಟು, "ತಗೋ ಸೇನಾಪತಿ, ಇದು ಓಡಲ್ಲ" ಎಂದಳು. ತಿಂದೆ. ಸಿಟ್ಟಿನಿಂದ ತಿಂದೆ.

ಜುಲೈ 19

ಗಾಳದ ಕಡ್ಡಿ ಸರಿಯಿಲ್ಲ. ಅವರದು ಬಾಡಿಗೆ ಕಡ್ಡಿ, ತುದಿ ಮೊಂಡು. ಬೆಂಡು ಹಗುರ. ಈಲಿಯ ಚೂರು ದೊಡ್ಡದು, ಹೆಸರುಬೇಳೆಯಷ್ಟಿರಬೇಕು. ಮೂಲೆಯ ಕಂಬದ ಹತ್ತಿರ ನೀರು ತಂಪು, ಸಿಗಡಿ ಅಲ್ಲೇ ಕೂರುತ್ತದೆ, ಆದರೆ ಅಲ್ಲಿ ಪೋ ಅಜ್ಜ ಗೂಟ ಹೊಡೆದುಕೊಂಡು ಕೂತಿದ್ದಾನೆ. ಇದೆಲ್ಲ ಅನ್ಯಾಯವನ್ನು ಸ್ಲೇಟಿನಲ್ಲಿ ಬರೆದು ತೋರಿಸಿದರೆ ಲಾನ್-ಇಂಗ್ ಅಷ್ಟನ್ನೂ ಇಡೀ ಕೊಳಕ್ಕೆ ಕೇಳುವಂತೆ ಓದಿದಳು. ಪೋ ಅಜ್ಜ ಒಂದು ಕಣ್ಣು ಬಿಟ್ಟು, "ಸಂತೇಲಿ ಇವನೇ ಮೀನಿಗೆ ಬೆಲೆ ಕಟ್ತಿದ್ನಾ? ಇವನು ಬೆಂಡಿಗೂ ಬೈತಾನಲ್ಲ" ಎಂದು ಮತ್ತೆ ಕಣ್ಣು ಮುಚ್ಚಿದ.

ಕೊಳದಲ್ಲಿ ಒಂದು ಹಳೆಯ ಕಳ್ಳ ಸಿಗಡಿ ಇದೆಯಂತೆ. ಒಂಟಿ ಕೊಂಡಿಯದು, ಅಂಗೈ ಉದ್ದದ್ದು. ತಿಂಗಳುಗಟ್ಟಲೆಯಿಂದ ಯಾರ ಕೈಗೂ ಸಿಕ್ಕಿಲ್ಲ. ಚಾಯ್-ಹಾ ಅದಕ್ಕೆ 'ತೆರಿಗೆ ಅಧಿಕಾರಿ' ಎಂದು ಹೆಸರಿಟ್ಟಿದ್ದಾಳೆ: ಎಲ್ಲರ ಕೊಕ್ಕೆಯಿಂದಲೂ ತನ್ನ ಪಾಲು ತೆಗೆದುಕೊಂಡು ಹೋಗುತ್ತದೆ.

ಲಾನ್-ಇಂಗ್ ಇವತ್ತು ಗಾಳ ಹಿಡಿದುಕೊಂಡು ತನ್ನ ಅಪ್ಪನ ವಿಷಯ ಹೇಳಿದಳು. ಕಲ್ಲಿದ್ದಲು ಗಣಿಯಿಂದ ಬಂದು ಕಪ್ಪು ಮುಖದಲ್ಲೇ ಇವಳನ್ನು ಹಳ್ಳದ ಕಡೆ ಕರೆದೊಯ್ದು, ಬಿದಿರ ಕಡ್ಡಿಗೆ ದಾರ ಕಟ್ಟಿಕೊಡುತ್ತಿದ್ದನಂತೆ. ಮದುವೆಯಾಗಿ ಇಷ್ಟು ವರ್ಷ ಆಯಿತು, ಈ ಮಾತು ನಾನು ಕೇಳಿದ್ದೇ ಇಲ್ಲ. ಇವತ್ತು ಮಧ್ಯದಲ್ಲಿ ಬಾಯಿ ಹಾಕಿ ನಿಲ್ಲಿಸಲು ಸಾಧ್ಯವಿರಲಿಲ್ಲ, ಹಾಗಾಗಿ ಪೂರ್ತಿ ಕೇಳಬೇಕಾಯಿತು.

ಈ ನಡುವೆ ಮೂರು ಸಲ ಬೆಂಡು ಅಲ್ಲಾಡಿತು, ನೋಡಲಿಲ್ಲ. ಎಲ್ಲ ಅವಳಿಂದ!

ಜುಲೈ 24

ಇವತ್ತು ಕೊಳವಿಲ್ಲ, ಏನೂ ಇಲ್ಲ. ಇವತ್ತು ನನ್ನ ಎದೆಯಲ್ಲಿ ಬೆಂಕಿ.

ಸೂರ್ಯ ಹುಟ್ಟುವ ಹೊತ್ತಿಗೆ ಸಂತೆಗೆ ಹೋದೆ. ಕೊನೆಯ ಬುಟ್ಟಿಗಳು ಬಾಕಿಯಿದ್ದವು. ನೆಲವೆಲ್ಲ ಮಂಜುಗಡ್ಡೆಯ ನೀರು, ಬೂಟುಗಳ ಚಪಚಪ. ನಡುವೆ ನಿಂತಿದ್ದಾನೆ ತಿಯೋಂಗ್-ಗೀ. ಸೊಂಟಕ್ಕೊಂದು ಧ್ವನಿಪೆಟ್ಟಿಗೆ, ಕೆನ್ನೆಗೊಂದು ಮೈಕು! ಪ್ರವಾಸಿಗರನ್ನು ಕರೆದೊಯ್ಯುವ ಗೈಡುಗಳು ಕಟ್ಟಿಕೊಳ್ಳುತ್ತಾರಲ್ಲ, ಅದು! ಮೂಗಿನ ದನಿಯಲ್ಲಿ, ಕೂತು ಪಾಠ ಒಪ್ಪಿಸುವವನ ಹಾಗೆ ಬೆಲೆ ಹೇಳುತ್ತಿದ್ದಾನೆ. ಮತ್ತೆ ಜನ? ಜನ ಕೊಳ್ಳುತ್ತಿದ್ದಾರೆ! ನಗುತ್ತ ಕೊಳ್ಳುತ್ತಿದ್ದಾರೆ!

ಕಡಲಮ್ಮಾ, ನಿನ್ನ ಗುಡಿಯ ಮುಂದೆ ಹುಟ್ಟಿ ಬೆಳೆದ ಕೂಗಿನ ಕಲೆ ಇದು. ಇದನ್ನು ನೋಡಿಯೂ ನೀನು ಉಬ್ಬರ ತರಲಿಲ್ಲವೇ?

ಬಾಯಿ ತೆರೆದೆ. ನಿಜವಾಗಿ ತೆರೆದೆ. ಗುಡುಗು ನಾಲಿಗೆಯ ಬುಡಕ್ಕೆ ಬಂದಿತ್ತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ನೋಡಿದವರು ವಾಂತಿ ಬಂದಿರಬೇಕೆಂದು ದಾರಿ ಬಿಟ್ಟರು. ನೂರು ಸಲ ನನ್ನ ಜೊತೆ ಜಗಳವಾಡಿದ್ದ ಒಬ್ಬ ಸಗಟು ವ್ಯಾಪಾರಿ ಮೆತ್ತಗೆ ಬಂದು ನನ್ನ ಕೈಗೊಂದು ಮೀನಿನ ಚೀಲ ಕೊಟ್ಟ. "ಸೂಪ್ ಮಾಡಿಸ್ಕೊಂಡು ಕುಡಿ ಹೋಕ್ ಅಣ್ಣ, ಸೊರಗಿದೀಯ."

ಕರುಣೆ! ಆ ಮೀನನ್ನು ಮನೆಯವರೆಗೂ ಶತ್ರುವಿನ ತಲೆ ಹಿಡಿದುಕೊಂಡ ಹಾಗೆ ಹಿಡಿದುಕೊಂಡು ಬಂದೆ.

ಲಾನ್-ಇಂಗ್ ಚೀಲ ತೆಗೆದುಕೊಂಡಳು. ಸೂಪ್ ಮಾಡಿದಳು. ಒಂದಕ್ಕೆ ಸ್ಕೂಟರಿನ ಹೆಲ್ಮೆಟ್ ನನ್ನ ಮಡಿಲಲ್ಲಿಟ್ಟಳು. ನಾನು ತಲೆಯಲ್ಲಾಡಿಸಿದೆ. ಅವಳೂ ಹೋಗಲಿಲ್ಲ. ಎದುರಿಗೆ ಕೂತು ಬೆಳ್ಳುಳ್ಳಿ ಸುಲಿದಳು. ಹೋಗು ಎಂದು ಬರೆದೆ. "ನನ್ ನಾಲ್ಕು ಗಂಟೆ, ನಾನೆಲ್ಲಿ ಬೇಕಾದ್ರೂ ಕಳೀತೀನಿ, ನೀನ್ಯಾರು ಕೇಳೋಕೆ?" ಎಂದಳು.

ಜುಲೈ 30

ಹಿಡಿದೆ!

ಕೈ ಕೂಡ ತೊಳೆಯದೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ, ಬೇರೇನಲ್ಲ. ಬೆಂಡು ಅಲ್ಲಾಡಿತು. ನನ್ನ ಕೈ ಹಾರಿತು. ಹಾರಿದ ಕೈಯನ್ನು ನನ್ನದೇ ಇನ್ನೊಂದು ಕೈ ಹಿಡಿಯಿತು. ಬೆಂಡು ಪಕ್ಕಕ್ಕೆ ಹೊರಟಿತು, ಮೆಲ್ಲಗೆ, ಮದುವಣಗಿತ್ತಿಯ ಹಾಗೆ. ಹೋಗು ತಾಯಿ ಹೋಗು, ಎಲ್ಲಿಗೆ ಹೋಗ್ತೀಯೋ ಹೋಗು ಎಂದು ಮನಸ್ಸಿನಲ್ಲೇ ಬೈದೆ. ಕಂಬದ ಹತ್ತಿರ ನಿಂತಿತು. ಆಗಲೂ ಎಳೆಯಲಿಲ್ಲ. ಏನು ಮಾಡಬೇಕೋ ತಿಳಿಯದೆ ಕೊಳದ ನೀರನ್ನು ನೋಡಿದೆ. ತಗಡಿನ ತೂತಿನಿಂದ ಬಿಸಿಲಿನ ಒಂದು ಕೋಲು ನೀರಿಗೆ ಬಿದ್ದು, ಅದರೊಳಗೆ ಧೂಳು ಏಳುತ್ತಿತ್ತು, ಇಳಿಯುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ. ಬೆಂಡು ಮುಳುಗಿತು. ಮಣಿಕಟ್ಟು ತಿರುಗಿಸಿದೆ.

ಸಣ್ಣದು. ನಾಚಿಕೆಗೇಡಿನಷ್ಟು ಸಣ್ಣದು. ಆದರೂ ಇಡೀ ಕೊಳ ಚಪ್ಪಾಳೆ ಹೊಡೆಯಿತು! ಪೋ ಅಜ್ಜನೂ ಎದ್ದು ಚಪ್ಪಾಳೆ ಹೊಡೆದು, "ಏನಾಯ್ತು?" ಎಂದು ಕೇಳಿದ. ನನಗೆ ಚಪ್ಪಾಳೆ ಬೇಕಾಗಿತ್ತೇ? ಒಂದು ರಾತ್ರಿಗೆ ಲಾರಿಗಟ್ಟಲೆ ಬಂಗುಡೆ ಮಾರಿದವನಿಗೆ, ಒಂದು ಬೆರಳುದ್ದದ ಸಿಗಡಿಗೆ? ಮೂರ್ಖರು!

ಉಪ್ಪು ಹಚ್ಚಿ ಸುಟ್ಟು ಅವಳಿಗೆ ಕೊಟ್ಟೆ. ಅರ್ಧ ಮುರಿದು ನನಗೇ ಕೊಟ್ಟಳು. ಒಂದು ತುತ್ತಿಗೂ ಆಗಲಿಲ್ಲ. ಅಷ್ಟು ರುಚಿಯಾಗಿರುವುದನ್ನು ಅಷ್ಟು ಸಣ್ಣದಾಗಿ ಮಾಡಿದ್ದು ಯಾರ ದ್ರೋಹ?

ಆಗಸ್ಟ್ 6

ಸತ್ತವರು ಊರಿಗೆ ಮರಳುವ ಪ್ರೇತಗಳ ತಿಂಗಳು ಶುರುವಾಯಿತು. ಗುಡಿಯ ಮುಂದೆ ರಂಗ ಕಟ್ಟಿದ್ದಾರೆ. ಸಂಜೆಯ ಆಟಕ್ಕೆ ಲಾನ್-ಇಂಗಳನ್ನು ಕರೆದುಕೊಂಡು ಹೋದೆ. ಮೊದಲ ಸಾಲಿನ ಕೆಂಪು ಕುರ್ಚಿಗಳು ಖಾಲಿ. ಅವು ನಮಗಲ್ಲ, ಸತ್ತವರಿಗೆ. ಅವುಗಳಲ್ಲಿ ಯಾವುದೋ ಒಂದರಲ್ಲಿ ಅಮ್ಮ ಕೂತಿರಬಹುದು. ಕೂತಿದ್ದರೆ ಅವಳಿಗೂ ನನ್ನಷ್ಟೇ ಕೋಪ ಬಂದಿರುತ್ತದೆ!

ಧ್ವನಿವರ್ಧಕ ಕಿವಿ ಕೊರೆಯುತ್ತಿತ್ತು. ಸೇನಾಪತಿಯ ಪಾತ್ರ ಮಾಡಿದ ಹೆಂಗಸು ಓಡಿ ಬಂದು, ಕಾಲೂರುವ ಮೊದಲೇ ಕಿರುಚಲು ಶುರುಮಾಡಿದಳು. ಅಮ್ಮ ಹಾಗಲ್ಲ. ಅಮ್ಮ ಬಂದು ನಿಲ್ಲುತ್ತಿದ್ದಳು. ಬರೀ ನಿಲ್ಲುತ್ತಿದ್ದಳು. ಮದ್ದಳೆಯವನೂ ಕೈಯೆತ್ತಿ ಕಾಯುತ್ತಿದ್ದ. ಕಡಲೆಕಾಯಿ ಮಾರುವವನು ಬಾಯಿ ಮುಚ್ಚಬೇಕು, ಅಳುವ ಮಗು ತಿರುಗಿ ನೋಡಬೇಕು, ಅಲ್ಲಿಯವರೆಗೂ ನಿಲ್ಲುತ್ತಿದ್ದಳು. ಹುಡುಗ ನಾನು ವೇಷದ ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದೆ. ಆಮೇಲೆ ಮೊದಲ ಮಾತು, ಅದೂ ಎಷ್ಟು ಮೆತ್ತಗೆ!

ಇದನ್ನೆಲ್ಲ ಸ್ಲೇಟಿನಲ್ಲಿ ಬರೆದೆ. ನಾಲ್ಕು ಸಲ ಅಳಿಸಿ ಅಳಿಸಿ ಬರೆದೆ. ಲಾನ್-ಇಂಗ್ ಈ ಸಲ ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೇ ಓದಿಕೊಂಡಳು. "ನಿಮ್ಮಮ್ಮನ್ನ ನಾನು ನೋಡ್ಲೇ ಇಲ್ವಲ್ಲ," ಎಂದಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಹೇಳಿಲ್ಲವೇ ನಾನು? ಮೂವತ್ತು ವರ್ಷದಿಂದ ಬಾಯಿ ಮುಚ್ಚದೆ ಮಾತಾಡಿದ್ದೇನೆ, ಇದನ್ನೇ ಹೇಳಿಲ್ಲವೇ?

ಆಗಸ್ಟ್ 11

ಹಾಳಾಯಿತು! ಎಲ್ಲ ಹಾಳಾಯಿತು! ನಾಳೆ ಡಾಕ್ಟರಮ್ಮನ ಬಳಿ ಹೋಗಬೇಕು, ಒಂದೇ ಒಂದು ದಿನ ಬಾಕಿ ಇತ್ತು, ಅಷ್ಟರಲ್ಲಿ ನನ್ನ ಬಾಯೇ ನನಗೆ ದ್ರೋಹ ಮಾಡಿತು!

ಕೊಳದಲ್ಲಿ ಕೂತಿದ್ದೆವು. ಕಂಬದ ಮೂಲೆ ನಮಗೆ ಸಿಕ್ಕಿತ್ತು. ಪೋ ಅಜ್ಜ ಮೊಮ್ಮಗಳ ಮದುವೆಗೆ ಹೋಗಿದ್ದ. ಲಾನ್-ಇಂಗ್ ಪಕ್ಕದಲ್ಲೇ ನಿಂತಿದ್ದ ಚಾಯ್-ಹಾಳ ಯಾವುದೋ ತಮಾಷೆಗೆ ಆ ಹೊಟ್ಟೆ ಹಿಡಿಯುವ ನಗು ನಗುತ್ತಿದ್ದಳು. ಆಗ ಅವಳ ಬೆಂಡು ಹೊರಟಿತು. ಸಣ್ಣ ಸಿಗಡಿಯ ಹಾಗೆ ನಡುಗುತ್ತ ಅಲ್ಲ, ಗಂಭೀರವಾಗಿ, ಕಚೇರಿಗೆ ಹೊರಟ ಹಾಗೆ. ತೆರಿಗೆ ಅಧಿಕಾರಿ! ನನಗೆ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ನನಗೆ ತಿಂಗಳಿಡೀ ಪಾಠ ಹೇಳಿದವಳು ಗಾಬರಿಯಲ್ಲಿ ಕೈಯೆತ್ತಿಬಿಟ್ಟಳು!

"ತಾಳು."

ನಾನೇ. ನಾನೇ ಅಂದದ್ದು. ಗುಡುಗಲ್ಲ. ತುಕ್ಕು ಹಿಡಿದ ತಿರುಗಣಿಯ ದನಿ, ಪಕ್ಕದ ಕುರ್ಚಿಗಷ್ಟೇ ಕೇಳುವಂಥದ್ದು.

ಲಾನ್-ಇಂಗ್ ಬೆಂಡು ಬಿಟ್ಟು ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಕೈ ಸಡಿಲವಾಯಿತು. ಅಷ್ಟರಲ್ಲಿ ಆ ಒಂಟಿ ಕೊಂಡಿಯ ಕಳ್ಳ ಗಾಳ, ಬೆಂಡು, ಕಡ್ಡಿ ಎಲ್ಲವನ್ನೂ ಎಳೆದುಕೊಂಡು ನೀರಿಗಿಳಿಯಿತು! ಚಾಯ್-ಹಾ ಉದ್ದನೆಯ ಬಲೆ ತಂದು ಬಗ್ಗಿ ಕಡ್ಡಿ ಎತ್ತಿದಳು. ಕೊಕ್ಕೆ ಖಾಲಿ.

"ಎಲ್ರೂ ನೋಡ್ರೋ, ಸೇನಾಪತಿ ಬಾಯಿ ಬಿಟ್ಟ, ಕಡ್ಡಿ ಮುಳುಗಿಸ್ದ!" ಎಂದು ಅವಳು ಕೂಗಿದ್ದು ಡಿಪೋದ ಬಸ್ಸುಗಳಿಗೂ ಕೇಳಿರಬೇಕು.

ಲಾನ್-ಇಂಗ್ ನಗುತ್ತಿದ್ದಳೋ ಅಳುತ್ತಿದ್ದಳೋ ಟವೆಲಿನ ಹಿಂದೆ ಕಾಣಲಿಲ್ಲ. "ಮದುವೆಯಾದಾಗಿಂದ ನೀನು ಮೆತ್ತಗೆ ಹೇಳಿದ್ದು ಇದೇ ಮೊದಲ್ನೇ ಮಾತು ಕಣೋ," ಎಂದಳು.

ಆರು ವಾರ ಕೂಡಿಟ್ಟಿದ್ದೆ! ಬಂದರಿಗಾಗಿ ಕೂಡಿಟ್ಟಿದ್ದೆ! ಒಂದು ಸಿಗಡಿಗೆ, ಅದೂ ತಪ್ಪಿಸಿಕೊಂಡ ಸಿಗಡಿಗೆ, ಖರ್ಚು ಮಾಡಿಬಿಟ್ಟೆ. ದನಿ ಹೋಗಿದ್ದರೆ ಏನು ಗತಿ? ಇನ್ನು ಬರೆಯಲಾರೆ.

ಆಗಸ್ಟ್ 12

ಕ್ಯಾಮೆರಾ ಒಳಗೆ ಹೋಯಿತು, ಹೊರಗೆ ಬಂತು. ತಪ್ಪೊಪ್ಪಿಕೊಂಡೆ, ಒಂದು ಮಾತು ಆಡಿದ್ದೇನೆಂದು ಬರೆದು ತೋರಿಸಿದೆ. ಡಾಕ್ಟರಮ್ಮ ನಕ್ಕಳು. "ಒಂದ್ ಮಾತಿಗೆ ಏನೂ ಆಗಲ್ಲ. ಎಷ್ಟ್ ಚೆನ್ನಾಗಿ ಮಾಗಿದೆ ನೋಡಿ! ಮಾತಾಡಿ ತಾತ. ಆದ್ರೆ ಮತ್ತೆ ದಿನಾ ರಾತ್ರಿಯಿಡೀ ಕಿರುಚಿದ್ರೆ ವರ್ಷದೊಳಗೆ ಇದೇ ಕುರ್ಚಿ."

"ಕಿರುಚೋದಲ್ಲ ಅದು," ಎಂದೆ. "ಕೂಗೋದು." ದನಿ ಬಂತು. ಹಳೆಯದಲ್ಲ, ಆದರೂ ಬಂತು.

ನಾಳೆ ಸಂತೆ. ತಿಯೋಂಗ್-ಗೀ, ಮೈಕು ಬಿಚ್ಚಿಡು!

ಆಗಸ್ಟ್ 13

ಇಂಥ ದಡ್ಡ ಯಜಮಾನನನ್ನು ನಾನು ಕಂಡಿಲ್ಲ.

ಬೆಳಗಾಗುವ ಹೊತ್ತಿಗೆ ಕೊನೆಯ ಬುಟ್ಟಿಗೆ ನನ್ನನ್ನು ನಿಲ್ಲಿಸಿದ. ಕೊಳ್ಳುವವರು ಸುತ್ತುಗಟ್ಟಿದರು. ಹಳಬರೆಲ್ಲ ಕಿವಿಗೆ ಬೆರಳಿಟ್ಟುಕೊಳ್ಳಲು ತಯಾರಾಗಿ ನಕ್ಕರು. ನಾನು ನಿಂತೆ. ಕೂಡಿಟ್ಟ ಆ ಮಾತು, ಬಂದೆನೋ ಬಂದರೇ, ನಾಲಿಗೆಯ ಮೇಲೇ ಇತ್ತು. ಆದರೆ ಬಾಯಿ ತೆರೆಯುವ ಮೊದಲು ಎಲ್ಲರೂ ಸುಮ್ಮನಾಗಲಿ ಎಂದು ನಿಂತೆ. ಬೂಟುಗಳ ಸದ್ದು ನಿಂತಿತು. ಮಂಜುಗಡ್ಡೆ ಒಡೆಯುವವನು ಸುತ್ತಿಗೆ ಕೆಳಗಿಟ್ಟ. ಆಗ ಬೆಲೆ ಹೇಳಿದೆ, ಬರೀ ಬೆಲೆ, ಲಾನ್-ಇಂಗ್‌ಗೆ ಹೇಳುವಷ್ಟು ದನಿಯಲ್ಲಿ. ಜನ ಕತ್ತು ಮುಂದೆ ಚಾಚಿದರು. ಕಿವುಡರಾಗಿದ್ದಾರೆ, ಪಾಪ, ಆ ಮೈಕಿನಿಂದ! ಒಬ್ಬನ ಹುಬ್ಬು ಅಲ್ಲಾಡಿತು. ಕಟ್ಟಲಿಲ್ಲ, ಬಿಟ್ಟೆ. ಇನ್ನೊಬ್ಬನದು ಅಲ್ಲಾಡಿತು. ಬಿಟ್ಟೆ. ಮೂರನೆಯವನು ಏರಿಸಿದ. ಆಮೇಲೆ ಕೊಟ್ಟೆ.

"ಜಾಗ ನಿಂದೇ ಹೋಕ್ ಅಣ್ಣ!" ಎಂದು ಖೋ ನನ್ನ ಬೆನ್ನು ತಟ್ಟಿದ. "ವಾರದ ಆರೂ ರಾತ್ರಿ. ಮೊದಲಿನ ಹಂಗೆ. ತಿಯೋಂಗ್-ಗೀ ಬುಟ್ಟಿ ಎಣಿಸ್ಲಿ."

ಮೊದಲಿನ ಹಾಗೆ! ಕೇಳಿ ಸಿಟ್ಟು ನೆತ್ತಿಗೇರಿತು. "ಆರೂ ರಾತ್ರಿನಾ? ನನ್ನ ಕೊಲ್ಬೇಕು ಅಂತಿದೀಯಾ? ಅವನಿಗೂ ಹೆಂಡ್ತಿ ಮಕ್ಕಳಿಲ್ವಾ? ಮೂರು ಅವನಿಗೆ ಕೊಡು. ಆ ಮೈಕನ್ನ ಕಿತ್ತು ಬಿಸಾಕು, ಉಸಿರು ಹಿಡಿಯೋದು ನಾನು ಕಲಿಸ್ತೀನಿ. ಬುಧವಾರ ರಾತ್ರಿಯಂತೂ ನಾನು ಬರೋದೇ ಇಲ್ಲ."

"ಬುಧವಾರಕ್ಕೇನಾಯ್ತು?"

"ಗುರುವಾರ ಮಧ್ಯಾಹ್ನ ಹೊಸ ಸಿಗಡಿ ಬಿಡ್ತಾರೆ! ರಾತ್ರಿಯೆಲ್ಲ ನಿಂತು ಬಂದು ಗೊರಕೆ ಹೊಡೀಲಾ? ಅಷ್ಟೂ ಗೊತ್ತಾಗಲ್ವಾ ನಿನಗೆ?"

ಖೋ ನನ್ನ ಮುಖವನ್ನು ಕೆಟ್ಟ ಮೀನನ್ನು ನೋಡುವಂತೆ ನೋಡಿದ. ತಿಯೋಂಗ್-ಗೀ ಕೂಡ. ಆ ಮೂಗಿನ ದನಿಯವನಿಗೆ ಕಣ್ಣಲ್ಲಿ ನೀರು ಬೇರೆ. ಸಂತೆಯಲ್ಲಿ ಬುದ್ಧಿವಂತರೇ ಉಳಿದಿಲ್ಲ.

ಆಗಸ್ಟ್ 14

ಹೆಚ್ಚು ಬರೆಯಲು ಹೊತ್ತಿಲ್ಲ. ಹೊಸ ಕಡ್ಡಿಯ ತುದಿ ಇನ್ನೂ ಉಜ್ಜಿ ಮುಗಿದಿಲ್ಲ. ಈಲಿ ಹೆಚ್ಚುವುದು ಬಾಕಿಯಿದೆ. ಚಾಯ್-ಹಾ ನನಗೂ ಕುರ್ಚಿಯ ಮೇಲೆ ಹೆಸರು ಬರೆದಿದ್ದಾಳಂತೆ, 'ತಾಳು' ಎಂದು ಬರೆದಿದ್ದಾಳಂತೆ, ಹೋಗಿ ಅಳಿಸಬೇಕು! ತೆರಿಗೆ ಅಧಿಕಾರಿಯ ಲೆಕ್ಕವೂ ಬಾಕಿಯಿದೆ.

ಕೆಳಗೆ ಲಾನ್-ಇಂಗ್ ಸ್ಕೂಟರಿನ ಹಾರ್ನ್ ಹೊಡೆಯುತ್ತಿದ್ದಾಳೆ. ಹೊಡೆದು ಹೊಡೆದು ಬೀದಿಯನ್ನೇ ಎಬ್ಬಿಸುತ್ತಿದ್ದಾಳೆ. ನನಗೇನು ಕಿವಿಯಿಲ್ಲವೇ? ಇಲ್ಲಿಂದಲೇ, ಈ ಕಿಟಕಿಯಿಂದಲೇ, "ಬಂದೇ!" ಎಂದು ಒಂದು ಗುಡುಗು ಬಿಟ್ಟರೆ ಬಂದರಿನವರೆಗೂ ಕೇಳುತ್ತದೆ.

ಬೇಡ. ಕೆಳಗಿಳಿದು, ಹತ್ತಿರ ಹೋಗಿ ಹೇಳುತ್ತೇನೆ.